ಕಿಟಕಿ ಪಕ್ಕದ ಎರಡನೇ ಬೆಂಚು

ಪೀಣ್ಯದಲ್ಲಿ ಮಳೆ ಶುರುವಾದರೆ ಮೊದಲು ವಾಸನೆ ಬದಲಾಗುತ್ತದೆ. ಪ್ಲೇಟಿಂಗ್ ಶೆಡ್ಡುಗಳ ಹುಳಿ, ಫೌಂಡ್ರಿಯ ಸುಟ್ಟ ಮರಳು, ಮೋರಿಯಲ್ಲಿ ವರ್ಷಗಳಿಂದ ನಿಂತ ಎಣ್ಣೆ, ಎಲ್ಲವೂ ನೆಲ ಬಿಟ್ಟು ಮೇಲೆದ್ದು ಮೂಗಿನ ಮಟ್ಟಕ್ಕೆ ಬಂದು ನಿಲ್ಲುತ್ತವೆ. ಆಮೇಲೆ ಕರೆಂಟು ಹೋಗುತ್ತದೆ. ೨೦೧೬ರ ಸೆಪ್ಟೆಂಬರಿನ ಆ ಸಂಜೆಯೂ ಅದೇ ಕ್ರಮದಲ್ಲಿ ನಡೆಯಿತು. ಐದೂವರೆಗೇ ಕತ್ತಲು. ಜನರೇಟರು ಗುಡುಗುಟ್ಟಿ ಎದ್ದಿತು, ಆದರೆ ಅದರ ಕರೆಂಟು ಕೆಳಗಿನ ಫಿಲ್ಲಿಂಗ್ ಲೈನಿಗೆ ಮಾತ್ರ. ತರಬೇತಿಯ ಕೋಣೆಗೂ ಬೆಳಕು ಬೇಕೆಂದು ನಮ್ಮ ಕಾರ್ಖಾನೆಯಲ್ಲಿ ಯಾರಿಗೂ ಎಂದೂ ಅನ್ನಿಸಿರಲಿಲ್ಲ.

ನಮ್ಮದು ಥಿನ್ನರ್, ವಾರ್ನಿಶ್ ಮಾಡಿ ಡ್ರಮ್ಮಿಗೆ ತುಂಬುವ ಜಾಗ. ಇಲ್ಲಿನ ಗಾಳಿಯಲ್ಲಿ ಯಾವಾಗಲೂ ಒಂದಿಷ್ಟು ಆವಿ ತೇಲುತ್ತಿರುತ್ತದೆ, ಅದು ಹೊತ್ತಿಕೊಳ್ಳಲು ಒಂದು ಸ್ವಿಚ್ಚಿನ ಕಿಡಿ ಸಾಕು. ಹಾಗಾಗಿ ಕರೆಂಟಿನ ಕೆಲಸ ಮಾಡುವವರಿಗೆ, ಅವರ ಪಕ್ಕ ನಿಲ್ಲುವವರಿಗೆ, ವರ್ಷಕ್ಕೊಮ್ಮೆ ತರಬೇತಿ ಕೊಡಬೇಕೆಂದು ನಿಯಮ. ನಾನು ಅಲ್ಲಿನ ಸೇಫ್ಟಿ ಆಫೀಸರ್, ಹೆಸರು ನಂದೀಶ್. ನನ್ನ ಕೆಲಸದ ಮುಕ್ಕಾಲು ಭಾಗ ರಿಜಿಸ್ಟರು. ಅಂದಿನ ರಿಜಿಸ್ಟರಿನಲ್ಲಿ ನಲವತ್ತು ಹೆಸರುಗಳಿದ್ದವು, ಪ್ರತಿ ಹೆಸರಿನ ಮುಂದೆ ಒಂದು ಸಹಿ ಇತ್ತು. ಕೋಣೆಯಲ್ಲಿ ಮಾತ್ರ ಹದಿನಾಲ್ಕು ಜನ. ಉಳಿದ ಇಪ್ಪತ್ತಾರು ಜನ ಲೈನಿನಲ್ಲಿದ್ದರು, ಯಾಕೆಂದರೆ ಅವತ್ತೇ ಎರಡು ಲಾರಿ ಮಾಲು ಹೊರಡಬೇಕಿತ್ತು. ಮಾರನೆಯ ಬೆಳಿಗ್ಗೆ ಹತ್ತಕ್ಕೆ ಆಡಿಟ್. ಬಾಕಿ ಇದ್ದದ್ದು ಒಂದೇ ಸಹಿ, ತರಬೇತಿ ಕೊಟ್ಟವರದ್ದು.

ಅದನ್ನು ಹಾಕಬೇಕಾದವರು ಸಿದ್ದಲಿಂಗಯ್ಯ. ವಯಸ್ಸು ಎಪ್ಪತ್ತರ ಆಸುಪಾಸು, ಸಣಕಲು ದೇಹ, ಕಿಡಿ ಹಾರದಂತೆ ಮೊಳೆ ಇಲ್ಲದ ಕ್ಯಾನ್ವಾಸ್ ಶೂ. ಇದೇ ಕಡೆಯ ಹಳ್ಳಿಯವರು. ಅವರ ರಾಗಿ ಹೊಲದ ಮೇಲೆ ಈಗ ಅಚ್ಚು ಮಾಡುವ ಎರಡು ಟೂಲ್ ರೂಮುಗಳು ನಿಂತಿವೆ. ನಲವತ್ತು ವರ್ಷ ಎಲೆಕ್ಟ್ರೀಷಿಯನ್ ಆಗಿದ್ದು, ಈಗ ಫ್ಯಾಕ್ಟರಿಯಿಂದ ಫ್ಯಾಕ್ಟರಿಗೆ ಹೋಗಿ ಪಾಠ ಹೇಳುತ್ತಾರೆ. ಪಾಠಕ್ಕೆಂದು ಒಂದು ದಪ್ಪ ಕಬ್ಬಿಣದ ಸ್ವಿಚ್ ಡಬ್ಬಿಯನ್ನು ಗೋಣಿಚೀಲದಲ್ಲಿ ಹೊತ್ತು ತರುತ್ತಾರೆ.

ನಾನು ರಿಜಿಸ್ಟರನ್ನು ಅವರ ಮುಂದಿಟ್ಟು ಟಾರ್ಚು ಹಿಡಿದೆ. ಅವರು ಸಹಿಗಳ ಮೇಲೆ ಬೆರಳಿಟ್ಟು ಎಣಿಸಿದರು. ತಲೆ ಎತ್ತಿ ಜನರನ್ನು ಎಣಿಸಿದರು.

“ಮಿಕ್ಕೋರು?”

“ಲೈನಲ್ಲಿದ್ದಾರೆ ಸಾರ್. ನಾಳೆ ಆಡಿಟ್ ಮುಗಿದ್ಮೇಲೆ ನಾನೇ ಕೂರಿಸ್ಕೊಂಡು ಹೇಳಿಕೊಡ್ತೀನಿ.”

“ಇವು ಯಾರ ಕೈ?”

ನಾನು ಟಾರ್ಚನ್ನು ಕೆಳಗಿನ ಖಾಲಿ ಸಾಲಿನ ಮೇಲೆ ಸರಿಸಿದೆ. ರಾಯಚೂರು ಕಡೆಯ ಇರಣ್ಣ, ಡ್ರಮ್ ಸೆಕ್ಷನ್ನಿನವನು, ಹಿಂದಿನಿಂದ ಕೂಗಿದ. “ಹಾಕ್ರೀ ಸರ ಅತ್ತಾಗ! ನೀವ್ ಸೈನ್ ಹಾಕಿದ್ರ ಮಳೀನೂ ನಿಲ್ತೈತಿ, ನಾವೂ ಮನಿಗೆ ಹೋಕ್ಕೀವಿ.”

“ನಿನ್ನ ಮನೆ ಅಂದ್ರೆ ಬಾಗಲಗುಂಟೆ ರೂಮಲ್ವೇನೋ? ಅಲ್ಲಿ ಮಂಚದ ಕೆಳಗೆ ನೀರು ಬಂದಿರ್ತದೆ ಈಗ, ಹೋಗು, ಈಜಾಡು,” ಎಂದಳು ಪ್ಯಾಕಿಂಗಿನ ರಾಮಕ್ಕ. ಎಲ್ಲರೂ ನಕ್ಕರು.

ಸಿದ್ದಲಿಂಗಯ್ಯ ನಗಲಿಲ್ಲ. ಪೆನ್ನಿನ ಮುಚ್ಚಳ ತೆಗೆದವರು ಮತ್ತೆ ಹಾಕಿದರು. ರಿಜಿಸ್ಟರನ್ನು ಮಡಚಿ ತೊಡೆಯ ಮೇಲಿಟ್ಟುಕೊಂಡು ಕುರ್ಚಿಯಲ್ಲಿ ಕೂತರು.

“ನಾಗಸಂದ್ರದ ರಸ್ತೇಲಿ ಮೊಣಕಾಲುದ್ದ ನೀರಂತೆ. ಎಲ್ಲೂ ಹೋಗಂಗಿಲ್ಲ. ಕೂತ್ಕಳಿ ಎಲ್ರೂವೆ. ಹತ್ರ ಬನ್ನಿ, ಈ ಶೀಟಿನ ಮೇಲೆ ಮಳೆ ಬಿದ್ರೆ ನನ್ ಗಂಟ್ಲು ಸಾಲಲ್ಲ. ನಂದೀಶಪ್ಪ, ಟಾರ್ಚ್ ಆರ್ಸು, ಬ್ಯಾಟ್ರಿ ದಂಡ. ಸೈನ್ ತಾನೆ? ಹಾಕಾನ. ಒಂದು ವಿಷಯ ಕೇಳಿಸ್ಕಂಡು ಆಮೇಲೆ ನೀನೇ ಹಾಕು ಅಂದ್ರೆ ಹಾಕ್ತೀನಿ.”

ಹದಿನಾಲ್ಕು ಜನ ಬೆಂಚುಗಳನ್ನು ಮುಂದಕ್ಕೆ ಎಳೆದುಕೊಂಡರು. ಅವರು ಹೇಳಿದ್ದನ್ನು ನೆನಪಿದ್ದಷ್ಟು ಅವರದೇ ಮಾತಿನಲ್ಲಿ ಬರೆಯುತ್ತಿದ್ದೇನೆ.

“ಈ ಡಬ್ಬಿ ನೋಡಿದ್ರಲ್ಲ ಈಗ? ಇದ್ರೊಳಕ್ಕೆ ಆವಿ ಹೋಗಬಾರದು ಅಂತ ಮಾಡಿರೋದಲ್ಲ ಇದು, ಎಲ್ರೂ ಅಲ್ಲೇ ತಪ್ಪು ತಿಳ್ಕಳದು. ಆವಿ ಹೋಗ್ತದೆ... ಎಲ್ಲಿಗೆ ತಾನೆ ಹೋಗಲ್ಲ ಅದು? ಒಳಗೆ ಸ್ವಿಚ್ಚು ಕಿಡಿ ಉಗುಳ್ತದೆ, ಒಳಗೇ ಡಬ್ ಅಂತದೆ. ಅನ್ಲಿ. ಡಬ್ಬಿ ಅದನ್ನ ಹೊಟ್ಟೇಲೇ ಇಟ್ಕಂತದೆ. ಮುಚ್ಚಳಕ್ಕೂ ಡಬ್ಬಿಗೂ ಮಧ್ಯೆ ಕೂದಲೆಳೆ ಸಂದು ಇರ್ತದಲ್ಲ, ಬೆಂಕಿ ಆ ಸಂದಲ್ಲಿ ತೆವಳ್ಕಂಡು ಹೊರಕ್ಕೆ ಬರೋ ಹೊತ್ಗೆ ತಣ್ಣಗಾಗಿರ್ತದೆ, ಹೊರಗಡೆ ಆವಿಗೆ ಹತ್ಕಳಲ್ಲ. ಆದ್ರೆ ಹನ್ನೆರಡು ಬೋಲ್ಟೂ ಬಿಗಿಯಾಗಿದ್ರೆ ಮಾತ್ರ ಆ ಸಂದು ಅಷ್ಟೇ ಇರ್ತದೆ. ಇದು ನಿಮಗೆ ಗೊತ್ತಾಯ್ತು ಇವತ್ತು. ನಂಗೆ ಯಾವಾಗ ಗೊತ್ತಾಯ್ತು ಹೇಳ್ಲಾ? ಅರವತ್ತನೇ ವಯಸ್ಸಲ್ಲಿ. ಒಬ್ಬ ಸತ್ತ ಮೇಲೆ.

“ಒಂಬತ್ತು ವರ್ಷ ಆಯ್ತು. ಇಲ್ಲೇ, ಆಚೆ ಕ್ರಾಸಲ್ಲಿ, ಪ್ರೆಸ್ಸಿಗೆ ಇಂಕು ಮಾಡೋ ಫ್ಯಾಕ್ಟರಿ ಇತ್ತು. ಹೆಸರು ಬ್ಯಾಡ, ಈಗ ಅಲ್ಲಿ ಮದುವೆ ಹಾಲ್ ಕಟ್ಟವ್ರೆ, ಶನಿವಾರ ಭಾನುವಾರ ವಾಲಗ ಕೇಳ್ತದೆ. ನಾನು ಅಲ್ಲಿ ಎಲೆಕ್ಟ್ರಿಕಲ್ ಫೋರ್ಮನ್ನು. ಮೇಲೆ ಪರಮಾನಂದ ಅಂತ ಪ್ರೊಡಕ್ಷನ್ ಮ್ಯಾನೇಜರು. ಅಲ್ಲಿಗೆ ಬಂದ ಬಸಲಿಂಗ. ಕೊಪ್ಪಳದ ಕಡೆಯೋನು, ಕಾಂಪೌಂಡ್ ಗೋಡೆ ಕಟ್ಟಕ್ಕೆ ಬಂದಿದ್ದ ಕಣ್ರೀ ಅವನು, ಗಾರೆ ಕಲಸೋನು. ಒಂದಿನ ನೀರಿನ ಮೋಟ್ರು ಕೈ ಕೊಡ್ತು, ನಾನು ರಜಾ. ಇವನು ಹೋಗಿ ಒಂದು ಒಣಗಿದ ಕೋಲಲ್ಲಿ ಸ್ಟಾರ್ಟರನ್ನ ಹಿಂಗೆ ಒತ್ತಿ, ಅಂಗೆ ಒತ್ತಿ, ಓಡಿಸ್ಬಿಟ್ಟ. ಊರಲ್ಲಿ ಬೋರ್‌ವೆಲ್ ಸ್ಟಾರ್ಟರ್ ಜೊತೆ ಬೆಳೆದೋನು. ಅಲ್ಲಿ ಡಬ್ಬಿಗೆ ಮುಚ್ಚಳ ಅನ್ನೋದು ಮಳೆಗಾಲಕ್ಕೆ ಮಾತ್ರ... ಪರಮಾನಂದ ನೋಡ್ದ. ಮಾರನೇ ದಿನ ಬೂದು ಶರ್ಟು ಕೊಟ್ಟ, ಜೇಬಿಗೆ ಟೆಸ್ಟರ್ ಸಿಕ್ಕಿಸ್ದ. ಎಲೆಕ್ಟ್ರೀಷಿಯನ್ ಆಗೋಯ್ತು.

“ಒಳ್ಳೇ ಕೆಲಸಗಾರ. ಕೇಳ್ತಿದ್ದ, ಅದ್ಯಾಕೆ ಹಿಂಗೆ, ಇದ್ಯಾಕೆ ಅಂಗೆ ಅಂತ. ನಾನು ಹೇಳ್ತಿದ್ನಾ? ನಂಗೇ ಗೊತ್ತಿದ್ರೆ ತಾನೆ. ‘ಮಾಡೋ ಮಗಾ, ಮಾತಾಡ್ಬೇಡ’ ಅಂತಿದ್ದೆ. ನಾವು ಪೀಣ್ಯದೋರು ಎಲ್ಲದಕ್ಕೂ ಒಂದೇ ಪದ್ಧತಿ ಕಲ್ತಿದ್ವಿ... ಮುಚ್ಚಳ ಬಿಚ್ಚಿದ್ರೆ, ಮೂಲೆಗೊಂದು ಬೋಲ್ಟು ಹಾಕು, ಮೆಷಿನ್ ಶುರು ಮಾಡು, ಮಿಕ್ಕಿದ್ದು ಊಟ ಆದ್ಮೇಲೆ. ಬೆಲ್ಟ್ ಕವರ್ರಿಗೂ ಅದೇ, ಗೇರ್ ಬಾಕ್ಸಿಗೂ ಅದೇ. ಸೋಮಾರಿತನ ಅಲ್ಲ ಅದು. ಮೆಷಿನ್ ನಿಂತ ಪ್ರತಿ ನಿಮಿಷಕ್ಕೂ ಮೇಲ್ಗಡೆ ಗಾಜಿನ ಕಿಟಕೀಲಿ ಒಂದು ಮುಖ ಬಂದು ನಿಲ್ತದಲ್ಲ, ಅದಕ್ಕೆ. ಮಿಕ್ಕ ಬೋಲ್ಟನ್ನ ಎಸೀತಿರ್ಲಿಲ್ಲ ನಾವು. ಜೋಪಾನವಾಗಿ ಜೇಬಿಗೆ ಹಾಕ್ಕಂತಿದ್ವಿ. ಆ ಪದ್ಧತೀನ ಬಸಲಿಂಗಂಗೆ ಕಲಿಸಿದ್ದು ಯಾರು? ನಾನೇ.

“ಏಪ್ರಿಲಲ್ಲಿ ಪರಮಾನಂದ ಒಂದು ರಿಜಿಸ್ಟರ್ ತಂದ. ಹಿಂಗೇ, ಇಂಥದ್ದೇ, ಹಸಿರು ಬೈಂಡು. ಡಬ್ಬಿಗಳನ್ನ ಎಂಗೆ ಬಿಚ್ಚಬೇಕು, ಎಂಗೆ ಮುಚ್ಚಬೇಕು ಅಂತ ಎಲ್ರಿಗೂ ಎರಡು ಗಂಟೆ ಕ್ಲಾಸು ಕೊಟ್ಟಂಗೆ ಆಗ್ಬೇಕು, ನೀವೇ ಟ್ರೈನರ್ ಅಂದ. ಕೊಟ್ಟಂಗೆ ಆಗ್ಬೇಕು... ಕೊಡು ಅನ್ನಲಿಲ್ಲ. ಟೀ ಕುಡೀತಾ ಕುಡೀತಾ ಎಲ್ರೂ ಸೈನ್ ಗೀಚಿದ್ರು. ಬಸಲಿಂಗ ಆವತ್ತು ಟ್ಯಾಂಕಿನ ಮೇಲೆ ಹತ್ತಿ ಲೈಟ್ ಹಾಕ್ತಿದ್ದ, ಕರೆದ್ರೆ ಕೇಳಿಸ್ಲಿಲ್ಲ. ಇಳಿಯೋದು ಹತ್ತೋದು ಯಾಕೆ ಪಾಪ ಅಂತ, ಅವನ ಸೈನ್ ನಾನೇ ಹಾಕ್ದೆ. ದಯೆಯಿಂದ ಹಾಕ್ದೆ ಕಣ್ರಪ್ಪ... ತಮಾಷೆ ಅಲ್ವಾ?”

ಯಾರೋ ಕೆಮ್ಮಿದರು. ಕೆಳಗೆ ಲೈನಿನ ಪಂಪು ಒಂದೇ ಸಮ ಗೊರಗುಟ್ಟುತ್ತಿತ್ತು.

“ಆಗಸ್ಟು, ಶುಕ್ರವಾರ. ಮಧ್ಯಾಹ್ನ ಹನ್ನೆರಡೂವರೆ. ದೊಡ್ಡ ಮಿಕ್ಸಿಂಗ್ ಟ್ಯಾಂಕಿನ ಸ್ಟಾರ್ಟ್-ಸ್ಟಾಪ್ ಡಬ್ಬಿ ಕಚ್ಕಂತು. ಬಸಲಿಂಗ ಬಿಚ್ದ, ಸರಿ ಮಾಡ್ದ, ಮೂಲೆಗೊಂದು ಹಾಕ್ದ. ನಾಲ್ಕು. ಐದನೇದು ಕೈಲಿ ಹಿಡಿದಿದ್ದ, ಮೇಲಿಂದ ಪರಮಾನಂದ ಕೂಗ್ದ, ‘ಸಾಕು ಕಣೋ, ಶುರು ಮಾಡು, ಆಮೇಲೆ ಹಾಕು!’ ಇವನು ನನ್ನ ಮುಖ ನೋಡ್ದ. ನಾನು ಹೂಂ ಅಂತ ತಲೆ ಆಡಿಸ್ದೆ. ಎಂಟು ಬೋಲ್ಟು ಶರ್ಟಿನ ಜೇಬಿಗೆ ಹಾಕ್ಕಂಡ.

“ಊಟಕ್ಕೆ ಅರ್ಧ ಗಂಟೆ. ಎಲ್ರೂ ಹರಟೆ ಹೊಡೀತಿದ್ರೆ, ಇವನು ಹತ್ತೇ ನಿಮಿಷದಲ್ಲಿ ಬುತ್ತಿ ಕಟ್ಟಿ ಎದ್ದ. ‘ಎಲ್ಲಿಗೋ?’ ಅಂದೆ. ‘ಆ ಎಂಟ ಹಾಕಿ ಬರ್ತೀನ್ರೀ ಸರ, ಮನಸ್ಸಿಗೆ ಸರಿ ಅನಿಸವಲ್ದು’ ಅಂದ. ನಾನು ಅವನ ಹಿಂದೇ ಹೋದೆ, ಬೀಡಿ ಸೇದಕ್ಕೆ ಗೇಟಿನ ಕಡೆ ಹೋಗೋನು, ಟ್ಯಾಂಕ್ ಶೆಡ್ಡಿನ ಬಾಗಿಲ ತನಕ ಜೊತೇಲಿದ್ದೆ. ಒಳಗೆ ಯಾರೋ ಟ್ಯಾಂಕಿನ ಮುಚ್ಚಳ ತೆಗೆದಿಟ್ಟು ಊಟಕ್ಕೆ ಹೋಗಿದ್ರು. ವಾಸನೆ... ಸಿಹಿ ವಾಸನೆ ಬರ್ತದಲ್ಲ, ಇಂಕಿಗೆ ಬೆರೆಸೋ ಟಾಲ್ವೀನ್‌ದು, ಹಣ್ಣು ಕೊಳೆತಂಗೆ, ಅದು ಬಾಗಿಲಿಗೇ ಹೊಡೀತು. ಬಸಲಿಂಗ ಡಬ್ಬಿ ಹತ್ರ ಹೋದ. ನನ್ನ ಕಡೆ ತಿರುಗಿ ಸ್ಪ್ಯಾನರ್ ಎತ್ತಿ ತೋರಿಸ್ದ. ಬೋಲ್ಟ್ ಹಾಕೋಕೆ ಮುಂಚೆ ಆಫ್ ಮಾಡ್ಬೇಕು, ಅಲ್ವಾ? ಅಷ್ಟು ಅವನಿಗೆ ಗೊತ್ತಿತ್ತು. ಸ್ಟಾಪ್ ಒತ್ತಿದ.

“ಆಫ್ ಮಾಡೋವಾಗಲೇ ಕಿಡಿ ದೊಡ್ಡದು. ಅಷ್ಟರಲ್ಲಿ ಡಬ್ಬಿ ಒಳಕ್ಕೆ ಆವಿ ಸೇರ್ಕಂಡಿತ್ತು. ಒಳಗೆ ಡಬ್ ಅಂತು. ನಾಲ್ಕು ಬೋಲ್ಟಿನ ಮುಚ್ಚಳ, ತುಟಿ ಬಿಟ್ಟಂಗೆ, ಮಧ್ಯದಲ್ಲಿ ಬಾಯಿ ಬಿಡ್ತು...

“ಬಾಗಿಲಲ್ಲಿದ್ದ ನಂಗೆ ಹುಬ್ಬು ಸುಟ್ಟಿತು, ಅಷ್ಟೇ.”

ಅವರು ಕತ್ತಲಲ್ಲೇ ಹುಬ್ಬು ಸವರಿಕೊಂಡರೆಂದು ಕಾಣುತ್ತದೆ.

“ಎನ್‌ಕ್ವೈರಿ ಆಯ್ತು. ಸರ್ಕಾರದ ಆಫೀಸರ್ ಒಬ್ರು ಬಂದ್ರು, ಕನ್ನಡಕ, ಮೆಲುಮಾತು. ಟೇಬಲ್ ಮೇಲೆ ಪರಮಾನಂದ ಒಂದು ಪ್ಲಾಸ್ಟಿಕ್ ಕವರ್ ಇಟ್ಟ. ಅದ್ರಲ್ಲಿ ಎಂಟು ಬೋಲ್ಟು, ಕಪ್ಪಾಗಿದ್ವು. ‘ನೋಡಿ ಸಾರ್, ಜೇಬಲ್ಲೇ ಇಟ್ಕೊಂಡಿದ್ದ. ನಿರ್ಲಕ್ಷ್ಯ.’ ಪಕ್ಕದಲ್ಲಿ ರಿಜಿಸ್ಟರ್ ಇಟ್ಟ. ‘ಟ್ರೈನಿಂಗ್ ಕೊಟ್ಟಿದ್ದೀವಿ ಸಾರ್, ಕೇಳಿ ಬೇಕಾದ್ರೆ.’ ಗೋಡೆ ಪಕ್ಕದಲ್ಲಿ ಬಸಲಿಂಗನ ಹೆಂಡ್ತಿ ಶಿವಗಂಗಾ ಕೂತಿದ್ಲು. ಇಪ್ಪತ್ನಾಲ್ಕು ಇಪ್ಪತ್ತೈದು ವರ್ಷದ ಹುಡುಗಿ. ಅಳ್ತಿರ್ಲಿಲ್ಲ. ನನ್ನೇ ನೋಡ್ತಿದ್ಲು.

“ಆಫೀಸರ್ ಕೇಳಿದ್ರು, ‘ಈ ಸೈನು ಅವನದೇನಾ?’ ಹೂಂ ಅಂದೆ. ‘ಕ್ಲಾಸಿಗೆ ಬಂದಿದ್ನಾ?’ ಬಂದಿದ್ದ ಸಾರ್ ಅಂದೆ. ಅಷ್ಟಕ್ಕೆ ಬಿಡ್ಬಾರ್ದಾ ಆ ಮನುಷ್ಯ? ಬಿಡಲಿಲ್ಲ. ‘ಎಲ್ಲಿ ಕೂತಿದ್ದ?’ ನೋಡಿ, ಸುಳ್ಳು ಹೇಳೋವಾಗ ನಾಲಿಗೆಗೆ ಎಲ್ಲಿಲ್ಲದ ಬುದ್ಧಿ ಬರ್ತದೆ. ‘ಎರಡನೇ ಬೆಂಚು ಸಾರ್, ಕಿಟಕಿ ಪಕ್ಕ’ ಅಂದೆ. ‘ಏನಾದ್ರೂ ಕೇಳಿದ್ನಾ?’ ‘ಕೇಳಿದ ಸಾರ್... ನಾಲ್ಕು ಬೋಲ್ಟ್ ಸಾಕಲ್ವಾ ಅಂದ. ಸಾಲಲ್ಲ, ಹನ್ನೆರಡೂ ಹಾಕ್ಬೇಕು, ಒಂದು ಕಮ್ಮಿಯಾದ್ರೂ ಜೀವ ಹೋಗ್ತದೆ ಅಂದೆ.’ ಆಫೀಸರ್ ಬರ್ಕಂಡ್ರು. ಪರಮಾನಂದ ಉಸಿರು ಬಿಟ್ಟ. ಮುಗೀತು. ತಿಳಿದೂ ತಿಳಿದೂ ಮಾಡಿದ ತಪ್ಪು ಅಂತ ಸತ್ತೋನ ಹೆಸರಿಗೆ ಬರೆದು ಫೈಲ್ ಮುಚ್ಚಿದ್ರು. ಅವನು ಊಟ ಬಿಟ್ಟು ಬೋಲ್ಟ್ ಹಾಕಕ್ಕೇ ಹೋದ ಅನ್ನೋ ಮಾತು... ಅದು ನನ್ನೊಬ್ನಿಗೇ ಗೊತ್ತಿತ್ತು. ಬಾಯಿಂದ ಬರಲಿಲ್ಲ.

“ಹೊರಗೆ ಬಂದಾಗ ಆ ಹುಡುಗಿ ಅಡ್ಡ ನಿಂತ್ಲು. ‘ಅಣ್ಣಾರ, ನೀವು ಖರೇನ ಹೇಳಿದ್ರೇನ್ರೀ ಅಂವಗ? ಒಂದ ಕಮ್ಮಿಯಾದ್ರ ಜೀವ ಹೋಗ್ತೈತಿ ಅಂತ?’ ಹೇಳ್ದೆ ಕಣಮ್ಮಾ ಅಂದೆ. ‘ಹೇಳಿದ್ರೂ ಕೇಳಲಿಲ್ಲಲ್ಲ ಮೂಳ! ಹೇಳಿದ್ರೂ ಕೇಳಲಿಲ್ಲ’ ಅಂತ ಸೆರಗು ಬಾಯಿಗೆ ಒತ್ಕಂಡು ಮೆಟ್ಲು ಇಳಿದು ಹೋದ್ಲು. ಅಲ್ಲೀವರೆಗೂ ಅವಳಿಗೆ ಗಂಡ ಸತ್ತಿದ್ದ, ಅಷ್ಟೇ. ಆವತ್ತಿಂದ ಅವನ ಮೇಲೆ ಸಿಟ್ಟೂ ಶುರುವಾಯ್ತು. ಅದನ್ನ ಕೊಟ್ಟು ಕಳಿಸಿದೋನು ನಾನು.

“ಆಮೇಲೆ ಆಫೀಸರ್ ಹೇಳಿದ್ರು ಅಂತ ಪರಮಾನಂದ ನಿಜವಾದ ಕ್ಲಾಸ್ ಮಾಡಿಸ್ದ. ಒಬ್ಬ ಮೇಷ್ಟ್ರು ಬಂದು ಮೊದ್ಲು ನಂಗೆ ಕಲಿಸ್ದ, ಆಮೇಲೆ ನಾನು ಮಿಕ್ಕೋರಿಗೆ ಕಲಿಸ್ಬೇಕು. ಮೊದಲನೇ ದಿನ, ಹೊರಗೆ ಬಿಸಿಲು, ಬೆಳಿಗ್ಗೆ ಹನ್ನೊಂದು ಗಂಟೆ. ದೆವ್ವ ಅಂದ್ರೆ ಕತ್ತಲು, ಹುಣಸೇಮರ ಅಂತ ಅಂದ್ಕಂಡಿದ್ದೆ ನಾನೂವೆ... ಬೋರ್ಡ್ ಮೇಲೆ ಡಬ್ಬಿ ಚಿತ್ರ ಬರೆದು ತಿರುಗ್ತೀನಿ, ಎರಡನೇ ಬೆಂಚಲ್ಲಿ, ಕಿಟಕಿ ಪಕ್ಕ, ಕೂತವ್ನೆ.

“ಸುಟ್ಟ ಮುಖ ಅಲ್ಲ. ಮಾಮೂಲಿ ಮುಖ, ಬೂದು ಶರ್ಟು. ಎಡಗಡೆ ಜೇಬು ಮಾತ್ರ ಭಾರಕ್ಕೆ ಜೋತು ಬಿದ್ದಿತ್ತು. ಗಮನ ಇಟ್ಟು ಬೋರ್ಡ್ ನೋಡ್ತಿದ್ದ. ಆ ಸಿಹಿ ವಾಸನೆ... ನನ್ನ ಕೈಲಿದ್ದ ಸೀಮೆಸುಣ್ಣ ಪುಡಿಯಾಯ್ತು. ಅವನು ಕೈ ಎತ್ತಿದ. ಎತ್ತುವಾಗ ಜೇಬಲ್ಲಿ ಕಿಣಿಕ್ ಅಂತು. ‘ಸರ, ನಾಕ ಬೋಲ್ಟ್ ಸಾಕಲ್ರೀ?’”

“ಬೇರೆಯೋರಿಗೆ ಕಾಣಲಿಲ್ವಾ ಅಯ್ಯಾ?” ಎಂದಳು ರಾಮಕ್ಕ, ಬಲು ಮೆಲ್ಲಗೆ.

“ಇಲ್ಲ ಕಣಮ್ಮ. ಆದ್ರೆ ಆ ಜಾಗದಲ್ಲಿ ಯಾರೂ ಕೂರಲಿಲ್ಲ, ನೋಡು. ಜಾಗ ಇಲ್ದೆ ಇಬ್ರು ಗೋಡೆಗೆ ಒರಗಿ ನಿಂತಿದ್ರು, ಆದ್ರೂ ಕೂರಲಿಲ್ಲ. ನಾನೇ ಅವನಿಗೆ ಆ ಜಾಗ ಕೊಟ್ಟಿದ್ದು, ಸರ್ಕಾರದ ಮುಂದೆ. ಪ್ರಶ್ನೇನೂ ನಾನೇ ಕೊಟ್ಟಿದ್ದು. ನಾನು ಬಂದಿದ್ದ ಅಂದೆ... ಬಂದ. ಕೂತಿದ್ದ ಅಂದೆ... ಕೂತ. ಕೇಳಿದ ಅಂದೆ... ಕೇಳಿದ. ಅದರಲ್ಲಿ ಅವನ ತಪ್ಪೇನೈತೆ?

“ಹೇಳಿದೆ, ಸಾಲಲ್ಲಪ್ಪ, ಹನ್ನೆರಡೂ ಹಾಕ್ಬೇಕು ಅಂತ. ಯಾಕೆ ಅಂತಾನೂ ಹೇಳಿದೆ, ಸಂದಿನ ವಿಷಯ, ಬೆಂಕಿ ತಣ್ಣಗಾಗೋದು, ಎಲ್ಲಾ. ಅವನು ಹೌದ್ಹೌದು ಅಂತ ತಲೆ ಆಡಿಸ್ದ. ಅವನ ಮುಖದಲ್ಲಿ... ಎಂಗೆ ಹೇಳಲಿ? ಕೋಪ ಇದ್ದಿದ್ರೆ ತಡ್ಕಂತಿದ್ದೆ. ಕೋಪ ಇರ್ಲಿಲ್ಲ. ಓ, ಇದಕ್ಕೇನಾ, ಅನ್ನೋ ಥರ ಒಂದು ಸಮಾಧಾನ. ಇಷ್ಟೇನಾ, ಇದನ್ನ ಮೊದಲೇ ಹೇಳಿದ್ರೆ ಆಗ್ತಿತ್ತಲ್ಲ ಸರ, ಅನ್ನೋ ಥರ.

“ಆ ಕೆಲಸ ಬಿಟ್ಟೆ. ಬಿಟ್ರೆ ಬಿಡ್ತಾನಾ? ಕರೆಂಟ್ ಬಿಟ್ಟು ನಂಗೆ ಬೇರೆ ವಿದ್ಯೆ ಬರಲ್ಲ, ವಯಸ್ಸಾದ್ಮೇಲೆ ಏಣಿ ಹತ್ತಕ್ಕಾಗಲ್ಲ, ಪಾಠಕ್ಕೆ ಇಳಿದೆ. ಜಿಗಣಿ, ಬೊಮ್ಮಸಂದ್ರ, ದಾಬಸ್‌ಪೇಟೆ, ಎಲ್ಲಿಗೆ ಹೋದ್ರೂ ನನಗಿಂತ ಮುಂಚೆ ಬಂದು ಕೂತಿರ್ತಿದ್ದ. ಒಂದ್ಸಲ ಅತ್ತಿಬೆಲೇಲಿ ಹಠ ಮಾಡ್ದೆ. ಕೈ ಎತ್ತಿದ, ಕೇಳಿದ, ನಾನು ಉತ್ತರ ಹೇಳಲಿಲ್ಲ. ಗೋಡೆ ನೋಡ್ಕಂಡು ಪಾಠ ಮುಗಿಸ್ದೆ. ಎಲ್ರೂ ಎದ್ದು ಹೋದ್ರು. ಇವನ ಕೈ ಮೇಲೇ ಇತ್ತು. ಬೀಗ ಹಾಕ್ಕಂಡು ಬಂದೆ. ಮೂರು ದಿನ ಬಿಟ್ಟು ನನ್ನ ಟಿಫನ್ ಡಬ್ಬಿ ಅಲ್ಲೇ ಮರೆತೆ ಅಂತ ಹೋದ್ರೆ... ಧೂಳು ಹಿಡಿದ ಕೋಣೇಲಿ, ಅದೇ ಬೆಂಚಲ್ಲಿ, ಕೈ ಎತ್ತಿದಂಗೇ ಕೂತವ್ನೆ. ತೋಳು ನಡುಗ್ತಿತ್ತು ಕಣ್ರೀ, ನೋವಿಗೆ. ಸತ್ತೋರಿಗೂ ತೋಳು ನೋಯ್ತದಾ? ಯಾರನ್ನ ಕೇಳ್ಲಿ? ಅಲ್ಲೇ ನಿಂತು ಹೇಳಿದೆ, ಖಾಲಿ ಕೋಣೇಲಿ, ಪೂರ್ತಿ ಪಾಠ, ಎರಡು ಗಂಟೆ. ಆಗ ಕೈ ಇಳಿಸ್ದ.

“ಆಮೇಲೆ ಶಿವಗಂಗಾನ ಹುಡುಕ್ಕಂಡು ಹೋದೆ. ಬಾಗಲಗುಂಟೇಲಿ, ಒಂದು ವಠಾರದ ಮಹಡಿ ಮೇಲೆ ರೂಮು. ಗಾರ್ಮೆಂಟ್ಸಿಗೆ ಹೋಗ್ತಿದ್ಲು. ಹೊಸ್ಲಲ್ಲೇ ನಿಂತು ಎಲ್ಲಾ ಹೇಳ್ದೆ. ಕ್ಲಾಸ್ ನಡೀಲೇ ಇಲ್ಲಮ್ಮ, ಅವನು ಕೇಳ್ಲೇ ಇಲ್ಲ, ನಾನು ಹೇಳ್ಲೇ ಇಲ್ಲ, ಅವನು ಊಟ ಬಿಟ್ಟು ಬೋಲ್ಟ್ ಹಾಕಕ್ಕೆ ಹೋಗಿದ್ದ ಅಂತ. ನಾನೇನೋ ಅಂದ್ಕಂಡಿದ್ದೆ, ಹೊಡೀತಾಳೆ, ಉಗೀತಾಳೆ ಅಂತ. ಹೊಡೆದಿದ್ರೆ ಪುಣ್ಯ. ಎಲ್ಲಾ ಕೇಳಿಸ್ಕಂಡು ಅಂದ್ಲು, ‘ಮೂರ ವರ್ಷ ಆತ್ರಿ. ದಿನಾ ಮುಂಜಾನೆ ಫೋಟೋ ಮುಂದ ನಿಂತು ಬೈದೀನಿ ಅಂವಗ. ಆ ಬೈಗಳ ಎಲ್ಲಾ ಈಗ ಎಲ್ಲಿ ಇಡ್ಲಿ, ನೀವ ಹೇಳ್ರಿ?’

“ನೀವು ಹೇಳಿ, ಎಲ್ಲಿ ಇಡ್ತಾಳೆ?

“ಬಾಗಿಲು ಹಾಕೋಕೆ ಮುಂಚೆ ಒಂದು ಮಾತು ಅಂದ್ಲು. ‘ನನ್ನ ಮುಂದ ಹೇಳಿದ್ರ ಏನ್ ಬಂತು? ಎಲ್ಲಿ ಸುಳ್ಳ ಹೇಳೀರಿ, ಅಲ್ಲಿ ಹೋಗಿ ಖರೇ ಹೇಳ್ರಿ.’ ಆ ಎನ್ಕ್ವೈರಿ ಮಾಡಿದ ಆಫೀಸರ್ ಕೂರೋ ಆಫೀಸಿನ ಗೇಟ್ ತನಕ ಹೋದೆ. ಎರಡು ಸಲ ಹೋದೆ. ಎದುರುಗಡೆ ಟೀ ಕುಡಿದು ವಾಪಸ್ ಬಂದೆ. ಸುಳ್ಳು ಸಾಕ್ಷಿ ಹೇಳಿದೋನು ಅಂತ ಗೊತ್ತಾದ್ರೆ ಯಾರು ನಂಗೆ ಪಾಠಕ್ಕೆ ಕರೀತಾರೆ? ಅಂಗಂತ ನಂಗೆ ನಾನೇ ಹೇಳ್ಕಂಡೆ. ನಾನು ಪಾಠ ಮಾಡ್ತಿದ್ರೆ ನಾಲ್ಕು ಜನ ಉಳೀತಾರಲ್ಲ ಅಂತಾನೂ ಹೇಳ್ಕಂಡೆ. ಹೇಡಿಗೆ ಕಾರಣ ಕಮ್ಮಿಯಾಗಲ್ಲ. ಇವತ್ತಿಗೂ ಆ ಫೈಲಲ್ಲಿ ಅವನೇ ತಪ್ಪಿತಸ್ಥ.”

ಇರಣ್ಣ ಬೆಂಚನ್ನು ಇನ್ನೊಂದಿಷ್ಟು ಮುಂದಕ್ಕೆ ಎಳೆದುಕೊಂಡ. “ಈಗೂ ಬರ್ತಾನೇನ್ರೀ ಸರ, ಅಂವ?”

“ಬರ್ದೆ? ಅವನಷ್ಟು ಹಾಜರಿ ಯಾರದ್ದೂ ಇಲ್ಲ. ಒಂಬತ್ತು ವರ್ಷ, ನಾಲ್ಕುನೂರು ಕ್ಲಾಸು. ಈಗ ಅವನಿಗೆ ನನಗಿಂತ ಚೆನ್ನಾಗಿ ಗೊತ್ತು. ನಾನು ಅಳತೆ ತಪ್ಪಿ ಹೇಳಿದ್ರೆ ಹುಬ್ಬು ಗಂಟಿಕ್ತಾನೆ, ತಿದ್ದಿ ಹೇಳೋ ತನಕ ಬಿಡಲ್ಲ. ಈ ಬೆಂಗಳೂರಲ್ಲಿ ಆ ಡಬ್ಬೀನ ಅವನಷ್ಟು ಸರಿಯಾಗಿ ಮುಚ್ಚೋನು ಇನ್ನೊಬ್ಬ ಇಲ್ಲ. ಏನು ಪ್ರಯೋಜನ? ಸ್ಪ್ಯಾನರ್ ಹಿಡಿಯೋಕೆ ಕೈ ಇಲ್ಲ ಅವನಿಗೆ.

“ಅವನಿಗೆ ಹೊಂದ್ಕಂಡಿದ್ದೆ ನಾನು. ಅದನ್ನ ಹೇಳಕ್ಕೆ ನಿಮ್ಮನ್ನ ಕೂರಿಸ್ಲಿಲ್ಲ. ಹೋದ ವರ್ಷ ಶ್ರಾವಣದಲ್ಲಿ ಅವನು ಇನ್ನೊಬ್ಬನ್ನ ಕರ್ಕಂಡು ಬಂದ.

“ಪಕ್ಕದಲ್ಲೇ ಕೂರಿಸ್ಕಂಡಿದ್ದ. ಆ ಮುಖ ನಂಗೆ ಗೊತ್ತಿಲ್ಲ. ಅವನ ಸೈನ್ ನಾನು ಹಾಕಿದ್ದಲ್ಲ, ಆಣೆ ಮಾಡಿ ಹೇಳ್ತೀನಿ, ಬಸಲಿಂಗನ್ನ ಬಿಟ್ಟು ನಾನು ಯಾರಿಗೂ ಹಾಕಿಲ್ಲ. ಚಿಕ್ಕ ವಯಸ್ಸು, ಕುತ್ತಿಗೇಲಿ ಯಾವುದೋ ಕಂಪನಿ ಬ್ಯಾಡ್ಜು, ಕರಗಿ ಅಕ್ಷರ ಎಲ್ಲಾ ಒಂದಾಗಿತ್ತು. ಆಮೇಲೆ ಅರ್ಥ ಆಯ್ತು. ಇನ್ಯಾವುದೋ ಫ್ಯಾಕ್ಟರಿ, ಇನ್ಯಾವನೋ ಟ್ರೈನರು, ಇನ್ನೊಂದು ರಿಜಿಸ್ಟರು. ಅಲ್ಲಿ ಕ್ಲಾಸೇ ನಡೆಯಲ್ವೇನೋ. ಬಂದಿದ್ದ ಅಂತ ಬರೆಸ್ಕಂಡೋನು ಎಲ್ಲಿಗೆ ಹೋಗಿ ಕೂರ್ಬೇಕು? ಬಸಲಿಂಗ ಹೇಳಿರ್ಬೇಕು, ‘ಬಾ ತಮ್ಮಾ, ಒಬ್ಬ ಮುದುಕ ಅದಾನ, ಈಗ ಖರೇನ ಹೇಳಿಕೊಡ್ತಾನ’ ಅಂತ. ಆಮೇಲೆ ಇಬ್ರು ಬಂದ್ರು, ಒಂದೇ ಬಣ್ಣದ ಶರ್ಟು, ಒಟ್ಟಿಗೆ ಹೋದೋರಿರಬೇಕು... ಉಗಾದಿ ಕಳೆದ ಮೇಲೆ ಒಬ್ಬ ಹೆಂಗಸು. ಎರಡನೇ ಬೆಂಚು ಸಾಲದೆ ಈಗ ಹಿಂದಕ್ಕೆ ಹೋಗವ್ರೆ. ಎಲ್ರೂ ಗಮನ ಇಟ್ಟು ಕೇಳ್ತಾರೆ. ಬದುಕಿರೋ ನಿಮ್ಮಂಗೆ ಮೊಬೈಲ್ ನೋಡಲ್ಲ, ಆಕಳಿಸಲ್ಲ... ಒಬ್ಬೊಬ್ರೂ ಒಂದೊಂದು ಪ್ರಶ್ನೆ ಇಟ್ಕಂಡು ಬರ್ತಾರೆ, ಯಾರೋ ಅವರ ಬಾಯಿಗೆ ತುರುಕಿರೋ ಪ್ರಶ್ನೆ. ಪಾಠ ಮುಗಿಸೋ ಹೊತ್ಗೆ ನನ್ನ ಗಂಟ್ಲು ಹರಿದೋಗ್ತದೆ, ನಿಮ್ಮ ಹದಿನಾಲ್ಕು ಜನಕ್ಕೆ ಅಂತ ಅಂದ್ಕಂಡ್ರಾ?”

ಯಾರೂ ಹಿಂದೆ ತಿರುಗಿ ನೋಡಲಿಲ್ಲ. ಎಲ್ಲರ ಬೆನ್ನೂ ನೆಟ್ಟಗಾದದ್ದು ಮಾತ್ರ ನನಗೆ ಕತ್ತಲಲ್ಲೂ ಗೊತ್ತಾಯಿತು. ಸಿದ್ದಲಿಂಗಯ್ಯ ರಿಜಿಸ್ಟರನ್ನು ತೊಡೆಯಿಂದ ತೆಗೆದು ಟೇಬಲ್ಲಿನ ಮೇಲಿಟ್ಟರು. ಪೆನ್ನಿನ ಮುಚ್ಚಳ ತೆಗೆದ ಸಣ್ಣ ಸದ್ದು ಕೇಳಿಸಿತು.

“ನಂದೀಶ್ ಸರ,” ಎಂದ ಇರಣ್ಣ. ಅವನ ದನಿಯಲ್ಲಿ ಈಗ ತಮಾಷೆ ಇರಲಿಲ್ಲ. “ನಮ್ಮ ತಮ್ಮ ಮುದಕಪ್ಪ ಕೆಳಗ ಪಂಪಿನ ಹತ್ರ ಅದಾನ. ಅವನ ಹೆಸರು ಐತೇನ್ರೀ, ಅದ್ರಾಗ?”

ಇತ್ತು. ಹದಿನೇಳನೆಯದು. ಮಧ್ಯಾಹ್ನ ಕ್ಯಾಂಟೀನಿನಲ್ಲಿ ಕೂತು, ಬೇರೆ ಕೈಯಂತೆ ಕಾಣಲಿ ಎಂದು ಪೆನ್ನು ಬದಲಿಸಿ, ಎಡಗೈಯಲ್ಲಿ ನಾನೇ ಬರೆದದ್ದು. ‘ಮು’ ಚೆನ್ನಾಗಿ ಬಂದಿದೆ ಎಂದು ನನಗೆ ಆಗ ಖುಷಿಯೂ ಆಗಿತ್ತು.

“ಐತೆ ಅನ್ನಪ್ಪ ಅವನಿಗೆ,” ಎಂದರು ಸಿದ್ದಲಿಂಗಯ್ಯ. “ತಗೋ, ಟಾರ್ಚ್ ಹಾಕು. ಸೈನ್ ಹಾಕ್ತೀನಿ, ನಂಗೇನು. ಆದ್ರೆ ನಾನು ಯಾರಿಗೆ ಯಾವ ಜಾಗ ಕೊಡ್ಬೇಕು ಅಂತ ಗೊತ್ತಾಗ್ಬೇಕಲ್ಲ, ಬಂದಾಗ ಗುರುತು ಹಿಡೀಬೇಕಲ್ಲ... ಆ ಇಪ್ಪತ್ತಾರು ಹೆಸರು ಒಂದೊಂದಾಗಿ ಓದು. ಜೋರಾಗಿ ಓದಪ್ಪ. ಹಿಂದಿನ ಬೆಂಚಿನೋರು ಆಗ್ಲಿಂದ ಸರ್ಕಂಡು ಜಾಗ ಮಾಡ್ತಾವ್ರೆ, ಅವರಿಗೂ ಕೇಳಿಸ್ಲಿ.”